ಗೇರ್ ಬಾಕ್ಸಿಗೆ ಅದ ಎಣ್ಣಿ

ಲಿಂಗಸುಗೂರಿನ ಮನೆಯಿಂದ ಹೊರಟಾಗ ಬೆಳಿಗ್ಗೆ ಆರೂಮುಕ್ಕಾಲು. ಡಿಸೆಂಬರಿನ ಚಳಿ. ನನ್ನ ಕಾರಿಗೆ ಬಟ್ಟೆಯ ಮಾಡು ಇದೆ. ಅದನ್ನು ಎಳೆದು ಹಾಕಿದರೆ ಹಿಂದಿನದು ಕಾಣುವುದಿಲ್ಲ, ಎಳೆಯದಿದ್ದರೆ ಗಾಳಿ ನೇರ ಎದೆಗೇ ಬಡಿಯುತ್ತದೆ. ಹಿಂದಿನದು ಕಾಣಲಿ ಎಂದು ಚಳಿಯನ್ನೇ ಆರಿಸಿಕೊಂಡೆ. ತಲೆಗೆ ಮಂಕಿ ಟೋಪಿ, ಮೈಗೆ ಸ್ವೆಟರು. ಪಕ್ಕದ ಸೀಟಿನ ಮೇಲೆ ನೀರಿನ ಬಾಟಲಿ, ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ. ಎಂಟು ವರ್ಷದಿಂದ ಆ ಸೀಟಿನಲ್ಲಿ ಕೂತು ಬಂದಿರುವುದು ಇಂಥ ಸಾಮಾನುಗಳೇ.

ಕಾರು ಇಂಗ್ಲೆಂಡಿನದು, ಇಬ್ಬರೇ ಕೂರುವಂಥದು, ನನಗಿಂತ ಎರಡು ವರ್ಷ ಚಿಕ್ಕದು. ನನಗೆ ಅರವತ್ತೆರಡು. ಹೈದರಾಬಾದಿನ ಯಾವುದೋ ದೊಡ್ಡ ಮನೆಯಿಂದ ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ಬಂದು, ಗಿರಣಿಯ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿ ಬಹಳ ಕಾಲ ಬಿದ್ದಿತ್ತು. ಹೈಸ್ಕೂಲಿನ ಕನ್ನಡ ಮಾಸ್ತರನೊಬ್ಬ ಅದನ್ನು ಕೊಂಡ ಎಂದು ಊರೆಲ್ಲ ನಕ್ಕಿತು. ಆ ಮಾಸ್ತರ ನಾನು. ನಗದೇ ಇದ್ದವನು ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದ ಅಮರಪ್ಪ ಒಬ್ಬನೇ. ಬಾನೆಟ್ ಎತ್ತಿ, ಕೋಳಿಪುಕ್ಕ ಊದಿ, "ಮಾಸ್ತರ್ರ, ಇದು ಸತ್ತಿಲ್ಲ, ಮಕ್ಕೊಂಡೈತಿ" ಎಂದ. ನಾಲ್ಕು ವರ್ಷದ ಭಾನುವಾರಗಳನ್ನು ನಾವಿಬ್ಬರೂ ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕಳೆದೆವು. ಮದುವೆಯಾಗದ ನನಗೆ ಭಾನುವಾರ ಎಂದರೆ ಏನೆಂದು ಗೊತ್ತಾದದ್ದು ಆಗಲೇ.

ಇಂಥ ಕಾರನ್ನು ಕೀಲಿ ತಿರುವಿ ಹೊರಡಿಸಲು ಬರುವುದಿಲ್ಲ. ಮೊದಲು ಅದರ ಯೋಗಕ್ಷೇಮ ವಿಚಾರಿಸಬೇಕು. ಎಂಜಿನ್ನಿನ ಎಣ್ಣೆ ಕಡ್ಡಿ ಎಳೆದು ಒರೆಸಿ ನೋಡಿದೆ. ರೇಡಿಯೇಟರಿಗೆ ಒಂದು ತಂಬಿಗೆ ನೀರು ಹಿಡಿಯಿತು. ಬ್ರೇಕಿಗೂ ಕ್ಲಚ್ಚಿಗೂ ಅಕ್ಕಪಕ್ಕ ಎರಡು ಸಣ್ಣ ಡಬ್ಬಿಗಳಿವೆ. ಅವುಗಳ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಕಿತ್ತು ಬರುತ್ತದೆ, ಅದಕ್ಕೆ ಕೆಳಗೆ ಹಳೆಯ ಬನೀನು ಹಾಸಿಕೊಂಡೇ ಮುಚ್ಚಳ ತೆಗೆದೆ. ಕಾರ್ಬ್ಯುರೇಟರಿನ ಎರಡು ಗುಮ್ಮಟಗಳಿಗೆ ಹನಿ ಹನಿ ಎಣ್ಣೆ ಬಿಟ್ಟೆ. ಕೊನೆಗೆ ಗೇರ್ ಬಾಕ್ಸು. ಅದರ ಕಡ್ಡಿ ಹೊರಗೆಲ್ಲೂ ಇಲ್ಲ. ಡ್ರೈವರಿನ ಎಡಗಾಲ ಹತ್ತಿರ ಕಾರ್ಪೆಟ್ ಎತ್ತಿದರೆ ರಬ್ಬರಿನ ಬಿರಡೆ, ಬಿರಡೆ ಕಿತ್ತರೆ ಕತ್ತಲೆಯ ತೂತು, ಆ ತೂತಿನಲ್ಲಿ ಕಡ್ಡಿ. ಎಣ್ಣೆ ಗೀಟಿನ ತನಕ ಇತ್ತು. ಎಂಟು ವರ್ಷದಲ್ಲಿ ಒಂದು ಸಲವೂ ಅದು ಗೀಟಿನಿಂದ ಕೆಳಗೆ ಇಳಿಯದಂತೆ ತೊಂಬತ್ತು ನಂಬರಿನ ಗೇರ್ ಆಯಿಲ್ ಹಾಕುತ್ತ ಬಂದಿದ್ದೆ. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಹೆಮ್ಮೆ ಇದ್ದರೂ ಎರಡನೇ ಗೇರು ಹಾಳಾಗಿತ್ತು. ಹಾಕಲು ಹೋದರೆ ಹಲ್ಲು ಕಡಿಯುವ ಸದ್ದು. ಈಚೆಗೆ, ಹಾಕಿದ ಮೇಲೂ ತಾನಾಗಿ ಜಿಗಿದು ಹೊರಗೆ ಬರುತ್ತಿತ್ತು. ಲಿಂಗಸುಗೂರಿನ ಮೂರು ಗ್ಯಾರೇಜುಗಳಲ್ಲಿ ತೋರಿಸಿದೆ. ಎಲ್ಲರದೂ ಒಂದೇ ಮಾತು: "ಬಿಚ್ಚತೀವ್ರಿ. ಜೋಡ್ಸಾಕ ಬರಂಗಿಲ್ಲ." ಜೋಡಿಸಲು ಬರುವವನು ಅಮರಪ್ಪ. ಅವನು ಎಂಟು ವರ್ಷದ ಹಿಂದೆಯೇ ಊರು ಬಿಟ್ಟು ಸಿಂಧನೂರು ಸೇರಿದ್ದ. ಬಿಡಲು ಕಾರಣ ನಾನು ಎಂದು ಮಂದಿ ಅನ್ನುತ್ತಿದ್ದರು. ನನ್ನ ಪ್ರಕಾರ ಕಾರಣ ಅವನು. ಇದು ತೀರ್ಮಾನವಾಗಬೇಕಿತ್ತು.

ಆದದ್ದು ಇಷ್ಟು. ಕಾರು ಎದ್ದು ಓಡಾಡತೊಡಗಿದ ಮೇಲೆ ಅಮರಪ್ಪ ಒಂದು ನೋಟುಬುಕ್ಕಿನಲ್ಲಿ ಅದರ ಆರೈಕೆಯನ್ನೆಲ್ಲ ಬರೆದುಕೊಟ್ಟ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನ ಅಕ್ಷರ ಹೇಗಿರಬೇಕೋ ಹಾಗಿತ್ತು. ನಾನು ಅದನ್ನು ಮನೆಗೆ ತಂದು ಕೆಂಪು ಪೆನ್ನಿನಿಂದ ತಿದ್ದಿದೆ. ಅಕ್ಷರ ನಮ್ಮ ಮನೆತನಕ್ಕೆ ಬಂದದ್ದೇ ತಡವಾಗಿ, ನನ್ನ ತಂದೆಯ ಕಾಲಕ್ಕೆ. ಬಂದ ಮೇಲೆ ನಾನು ಅದರ ಮೇಲೆ ಹಿಡಿತ ಬಿಟ್ಟವನಲ್ಲ. ಗೋಡೆಯ ಜಾಹೀರಾತು, ಮದುವೆಯ ಕಾರ್ಡು, ಯಾವುದನ್ನೂ ತಿದ್ದದೆ ಬಿಟ್ಟಿಲ್ಲ. "ಗೇರ್ ಬಾಕ್ಸ ಅದ ಎಣ್ಣಿ" ಎಂದು ಅವನು ಬರೆದಿದ್ದ. ನಮ್ಮ ಮನೆ ಮಾತಿನಲ್ಲಿ 'ಅದ' ಎಂದರೆ 'ಇದೆ'. ಅದನ್ನು ಹೊಡೆದು, ಮೇಲೆ ದುಂಡಗೆ "ಗೇರ್ ಬಾಕ್ಸಿನಲ್ಲಿ ಎಣ್ಣೆ ಇದೆ" ಎಂದು ಬರೆದೆ. ಇದೆ ಎಂದಮೇಲೆ ನೋಡುವುದೇನು. ವರ್ಷವಾಗುವುದರೊಳಗೆ ಎರಡನೇ ಗೇರು ಗುರುಗುಟ್ಟತೊಡಗಿತು. ಬಿರಡೆ ಕಿತ್ತು ನೋಡಿದರೆ ಕಡ್ಡಿ ಒಣಗಿತ್ತು.

ನೋಟುಬುಕ್ಕು ಹಿಡಿದು ಗ್ಯಾರೇಜಿಗೆ ಹೋದೆ. ಹತ್ತು ಹನ್ನೆರಡು ಜನ ನಿಂತಿದ್ದರು. "ಎಣ್ಣಿ ಅದ ಅಂತ ಬರದೀಯಲ್ಲ, ಎಲ್ಲಿ ಅದ ತೋರ್ಸು" ಎಂದು ಕೂಗಾಡಿದೆ. ಅವನ ಅಕ್ಷರಗಳನ್ನು ಮಂದಿಗೆ ಎತ್ತಿ ತೋರಿಸಿದೆ. ಕೆಲವರು ನಕ್ಕರು. ಅಮರಪ್ಪ ಪುಟ ನೋಡಿದ, ಕೆಂಪು ಮಸಿ ನೋಡಿದ, ಅರಿವೆಗೆ ಕೈ ಒರೆಸಿಕೊಂಡ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. ಒಂದು ಮಾತೂ ಆಡಲಿಲ್ಲ. ನಾನು ಹೋಗಿ ಗೇರ್ ಆಯಿಲ್ ತಂದು ನಾನೇ ಸುರಿದೆ. ಗೇರಿಗೆ ಗೇರ್ ಆಯಿಲ್, ಅದಕ್ಕೇನು ಪಂಡಿತರು ಬೇಕೆ? ಆರು ತಿಂಗಳಿಗೆ ಅವನ ಗ್ಯಾರೇಜಿಗೆ ಬೀಗ ಬಿತ್ತು. ಆಮೇಲೆ ನನ್ನ ಎಡಗಡೆಯ ಸೀಟಿನಲ್ಲಿ ಯಾರೂ ಕೂರಲಿಲ್ಲ. ಈ ಪ್ರವಾಸಕ್ಕೆ ಗೇರು ಒಂದು ನೆವ. ಅವನು ಮತ್ತೆ ಪಕ್ಕದಲ್ಲಿ ಕೂರಬೇಕು, ಆದರೆ ಮೊದಲು 'ತಪ್ಪಾತು' ಅನ್ನಬೇಕು. ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ.

ಮಸ್ಕಿ ಸುಮಾರು ಮೂವತ್ತು ಕಿಲೋಮೀಟರು. ಎರಡನೇ ಗೇರಿಲ್ಲದೆ ಓಡಿಸುವುದೆಂದರೆ ನಡುವಿನ ಮೆಟ್ಟಿಲು ಬಿಟ್ಟು ಹಾರಿ ಏರಿದ ಹಾಗೆ; ಮೊದಲನೆಯದರಲ್ಲಿ ಎಂಜಿನ್ ಅರಚುವ ತನಕ ಎಳೆದು, ಮೂರನೆಯದಕ್ಕೆ ಜಿಗಿಯಬೇಕು. ಜೋಳ ಎದೆಮಟ್ಟ ನಿಂತಿತ್ತು. ಹತ್ತಿ ಹೊಲಗಳಲ್ಲಿ ಹೆಣ್ಣುಮಕ್ಕಳು ಆಗಲೇ ಬಗ್ಗಿದ್ದರು. ಒಂದು ಕ್ರಾಸಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಗಂಟು ಇಟ್ಟುಕೊಂಡು ನಿಂತಿದ್ದಳು. ಸಂತೆಕಲ್ಲೂರಿನವಳು, ಮಸ್ಕಿಗೆ ಹೊರಟಿದ್ದಳು, ಆಟೋ ತುಂಬಿ ಅವಳನ್ನು ಬಿಟ್ಟುಹೋಗಿತ್ತು. ರೊಟ್ಟಿ ಡಬ್ಬಿ ಹಿಂದೆ ತಳ್ಳಿ ಜಾಗ ಮಾಡಿಕೊಟ್ಟೆ. ಅವಳು ಸೆರಗು ಬಿಗಿಯಾಗಿ ಹಿಡಿದು, ಕಾಲು ಚಾಚಿ ಕೂತು, ಹಿಂದೆ ತಿರುಗಿ ನೋಡಿದಳು.

"ಹಿಂದ ಸೀಟಽ ಇಲ್ಲಲ್ರಿ" ಎಂದಳು.

"ಇಲ್ಲವ್ವ. ಇಬ್ಬರಿಗೆ ಮಾಡಿದ್ದು."

"ನೀವು ಒಬ್ಬರಽ ಅದೀರಿ."

"ಹೂಂ."

"ಹಂಗಾರ ಇದು ದೊಡ್ಡದಾತು ಬಿಡ್ರಿ" ಎಂದು ರಸ್ತೆ ನೋಡುತ್ತ ಕೂತಳು. ಮಸ್ಕಿಯಲ್ಲಿ ಇಳಿಯುವಾಗ ಪುಕ್ಕಟೆ ಕೂರುವವಳು ತಾನಲ್ಲ ಎಂದು ಗಂಟಿನಿಂದ ಒಂದು ಹಿಡಿ ಹಸಿ ಕಡಲೆಗಿಡ ತೆಗೆದು ಸೀಟಿನ ಮೇಲೆ ಇಟ್ಟು ಹೋದಳು.

ಮಸ್ಕಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಚಾ ಕುಡಿದೆ. ಹೊರಡುವಾಗ ಬಜಾರಿನ ಏರಿನಲ್ಲಿ ಅಭ್ಯಾಸಬಲದಿಂದ ಎರಡನೇ ಗೇರು ಹಾಕಿಬಿಟ್ಟೆ. ಅದು ಕರಕರ ಎಂದು ಹಿಡಿದು, ಮರುಕ್ಷಣ ಫಟ್ಟನೆ ಹೊರಗೆ ಜಿಗಿಯಿತು. ಕಾರು ಹಿಂದಕ್ಕೆ ಜಾರಿ ಒಂದು ಎಣ್ಣೆ ಅಂಗಡಿಯ ಎದುರು ನಿಂತಿತು. ಟ್ರ್ಯಾಕ್ಟರಿನ ಬೆಲ್ಟು, ಫಿಲ್ಟರು, ಡಬ್ಬಿಗಟ್ಟಲೆ ಎಣ್ಣೆ ಮಾರುವ ಅಂಗಡಿ. ಗಲ್ಲೆಯ ಮೇಲೆ ಶರಣಮ್ಮ ಎಂಬ ಹೆಂಗಸು ಕೂತಿದ್ದಳು. ಹೆಸರು ಅಂಗಡಿಯ ಬೋರ್ಡಿನ ಮೇಲೆಯೇ ಇತ್ತು. ಸಿಂಧನೂರಿನ ತನಕ ಇರಲಿ ಎಂದು ಒಂದು ಲೀಟರ್ ತೊಂಬತ್ತು ನಂಬರಿನ ಗೇರ್ ಆಯಿಲ್ ಕೇಳಿದೆ.

"ಯಾವ ಗಾಡಿಗ್ರಿ?"

ತೋರಿಸಿದೆ. ಅವಳು ಚಷ್ಮಾ ಏರಿಸಿ ನೋಡಿದಳು. "ಈ ಗಾಡಿ ನಾ ಕಂಡಿಲ್ಲ. ಯಾವ ಎಣ್ಣಿ ಅಂತ ಎಲ್ಲರ ಬರದಿದ್ರ ತೋರಸ್ರಿ. ನೋಡದಽ ಎಣ್ಣಿ ಕೊಡಂಗಿಲ್ಲ ನಾ. ಹಾಕಬಾರದ್ದ ಹಾಕಿ ಆಮ್ಯಾಲೆ ನಮ್ಮ ಅಂಗಡಿಗಿ ಜಗಳಕ್ಕ ಬರತಾರ ಮಂದಿ."

ಅಮರಪ್ಪನಿಗೆ ತೋರಿಸಲೆಂದೇ ತಂದಿದ್ದ ನೋಟುಬುಕ್ಕು ಕೊಟ್ಟೆ. ಅವಳು ಪುಟದ ಮೇಲೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ದೊಡ್ಡ ದನಿಯಲ್ಲಿ ಓದತೊಡಗಿದಳು. "ಎಂಜಿನ್ನ, ಇಪ್ಪತ್ತ ಐವತ್ತ ನಂಬರ ಎಣ್ಣಿ. ಗೇರ್ ಬಾಕ್ಸ, ಅದಽ ಎಣ್ಣಿ. ಹಿಂದಿನ ಆಕ್ಸಲ್ಲ, ತೊಂಬತ್ತ." ಓದಿ ಮುಗಿಸಿ ಕಪಾಟಿನತ್ತ ತಿರುಗಿದಳು. "ಇಪ್ಪತ್ತ ಐವತ್ತ ಬೇಕು ನಿಮಗ. ಎಷ್ಟ ಲೀಟರ್ ಕೊಡ್ಲಿ?"

ಅವಳು ಆ ಒಂದು ಶಬ್ದವನ್ನು ಎಳೆದ ರೀತಿ ನನ್ನ ಕಿವಿಗೆ ಬಿತ್ತು. ಆದರೂ ಮಾಸ್ತರಿಕೆ ಬಿಡಲಿಲ್ಲ. "ಅದ ಅಂದ್ರ ಇದೆ ಅಂತ ಅರ್ಥ. ಎಣ್ಣಿ ಅದ ಅಂತ ಬರದಾನ ಅಂವ" ಎಂದೆ.

ಶರಣಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಣ್ಣಿ ಐತಿ ಅಂತ ಯಾರರ ಪುಸ್ತಕದಾಗ ಬರದಿಡತಾರೇನ್ರಿ? ಇವತ್ತ ಇರತೈತಿ, ನಾಳೆ ಸೋರತೈತಿ. ಮ್ಯಾಲಿನ ಸಾಲಿನ್ಯಾಗ ಯಾವ ಎಣ್ಣಿ ಹೇಳ್ಯಾನೋ ಗೇರ್ ಬಾಕ್ಸಿಗೂ ಅದಽ ಎಣ್ಣಿ. ಸಣ್ಣ ಹುಡುಗ್ರಿಗಿ ತಿಳೀತೈತಿ." ಆಮೇಲೆ ಪುಟವನ್ನು ಬೆಳಕಿಗೆ ಹಿಡಿದು, "ಈ ಕೆಂಪ ಮಸೀಲೆ ಹೊಲಸ ಮಾಡಿದಾವ್ರು ಯಾರ್ರಿ?" ಎಂದು ಕೇಳಿದಳು.

"ಯಾರೋ ಒಬ್ಬ ಮಾಸ್ತರ" ಎಂದೆ.

"ಕಲತವ್ರದು ಹಿಂಗಽ ಆಗತೈತ್ರಿ" ಎಂದು ಡಬ್ಬಿಗಳ ಮೇಲಿನ ಧೂಳು ಒರೆಸಿ ಕೊಟ್ಟಳು. ಮೂರು ಲೀಟರ್ ತೆಗೆದುಕೊಂಡೆ. ಗೇರ್ ಬಾಕ್ಸಿನ ಕಡ್ಡಿ ಎಳೆದು ಅವಳಿಗೆ ತೋರಿಸಿದಾಗ ಮೂಗು ಮುಚ್ಚಿಕೊಂಡಳು. ತೊಂಬತ್ತು ನಂಬರಿನ ಎಣ್ಣೆಗೆ ಗಂಧಕದ ವಾಸನೆ ಇರುತ್ತದೆ. ಎಂಟು ವರ್ಷ ಆ ವಾಸನೆಯನ್ನು ನಾನು ಆರೋಗ್ಯದ ಲಕ್ಷಣ ಎಂದುಕೊಂಡಿದ್ದೆ.

ಮಸ್ಕಿಯ ಗುಡ್ಡ ಎದುರಿಗೇ ಇತ್ತು. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆತಂದು, ಅಶೋಕನ ಹೆಸರಿರುವ ಶಾಸನದ ಮುಂದೆ ನಿಲ್ಲಿಸಿ, ಅಕ್ಷರವನ್ನು ಹೇಗೆ ನಿಧಾನವಾಗಿ ಓದಬೇಕು ಎಂದು ಪಾಠ ಮಾಡುತ್ತಿದ್ದೆ. ಒಂದಕ್ಷರ ತಪ್ಪಿ ಓದಿದರೆ ಒಬ್ಬ ಅರಸನೇ ಕಳೆದುಹೋಗುತ್ತಾನೆ ಎನ್ನುತ್ತಿದ್ದೆ. ಆ ಗುಡ್ಡದ ಕಡೆ ಅವತ್ತು ನೋಡಲು ಮನಸ್ಸಾಗಲಿಲ್ಲ. ಬೇಗ ಊರು ದಾಟಿದೆ.

ಮಸ್ಕಿಯಿಂದ ಸಿಂಧನೂರಿಗೆ ಇಪ್ಪತ್ತೈದು ಚಿಲ್ಲರೆ ಕಿಲೋಮೀಟರು. ಅರ್ಧ ದಾರಿಯಲ್ಲಿ ಇನ್ನೊಂದು ಸಂಗತಿ ತಲೆಗೆ ಹೊಳೆದು ಕಾರು ನಿಲ್ಲಿಸಿದೆ. ಅಮರಪ್ಪ ನಮ್ಮೂರ ಹತ್ತಿರದ ಗುರುಗುಂಟಾದವನು. 'ಇದೆ' ಎನ್ನಲು ಅವನ ಬಾಯಲ್ಲಿ ಯಾವತ್ತೂ 'ಐತಿ'. ಮಕ್ಕೊಂಡೈತಿ, ಸವದೈತಿ, ಸೋರಾಕತ್ತೈತಿ. 'ಅದ' ಎನ್ನುವವರು ನಾವು, ಕಲಬುರಗಿ ಕಡೆಯಿಂದ ಬಂದವರು. ಅವನ ಪೆನ್ನಿನಿಂದ ಬಂದ 'ಅದ', 'ಅದೇ' ಅಲ್ಲದೆ ಬೇರೆ ಆಗಲು ಸಾಧ್ಯವೇ ಇರಲಿಲ್ಲ. ನಾಲ್ಕು ವರ್ಷದ ಭಾನುವಾರಗಳಲ್ಲಿ ಪಕ್ಕದಲ್ಲೇ ಮಲಗಿ ಅವನು ಆಡಿದ್ದನ್ನೆಲ್ಲ ಕೇಳಿದ್ದೆ. ಅವನು ಹೇಗೆ ಮಾತಾಡುತ್ತಾನೆ ಎಂಬುದನ್ನು ಮಾತ್ರ ಕೇಳಿರಲಿಲ್ಲ. ನಾಚಿಕೆಯಾಯಿತು. ಅಳುವೂ ಬಂದಂತಾಯಿತು, ಆದರೆ ತೆರೆದ ಕಾರಿನಲ್ಲಿ ಕೂತು ಅಳುವುದು ಲಾರಿಯವರಿಗೆಲ್ಲ ಕಾಣುತ್ತದೆ.

ಹಿಂದಿರುಗಿ ಹೋಗಿಬಿಡಲೇ ಎಂದು ಬಹಳ ಹೊತ್ತು ಯೋಚಿಸಿದೆ. ಎಣ್ಣೆ ಕೈಯಲ್ಲಿದೆ, ಬದಲಿಸುವುದು ನನಗೂ ಗೊತ್ತು. 'ತಪ್ಪಾತು' ಅನ್ನಿಸಲು ಹೊರಟವನಿಗೆ 'ತಪ್ಪಾತು' ಅನ್ನಲು ಹೋಗುವುದು ಬೇರೆಯೇ ದಾರಿ. ಕಡೆಗೆ ಹೊರಟದ್ದು ಧೈರ್ಯದಿಂದಲ್ಲ. ಅಲ್ಲಿ ರಸ್ತೆ ಕಿರಿದಾಗಿತ್ತು, ಹಿಂದೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು, ತಿರುಗಿಸಲು ಜಾಗವೇ ಇರಲಿಲ್ಲ.

ಅಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆಯಾಯಿತು. ಜೋಳ ಹತ್ತಿ ಮುಗಿದು ಕಾಲುವೆ, ಕಾಲುವೆ ಬಂದ ಕೂಡಲೇ ಗದ್ದೆ. ಕೊಯ್ಲಿನ ಕಾಲ. ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು, ಉಳಿದರ್ಧದಲ್ಲಿ ಬಸ್ಸು, ಎಮ್ಮೆ, ನಾನು. ಸಿಂಧನೂರು ಮುಟ್ಟಿದಾಗ ಹತ್ತೂವರೆ. ಬಿಸಿಲು ಏರಿ ಸ್ವೆಟರು ಬಿಚ್ಚಿದ್ದೆ. ಅಮರಪ್ಪನ ಗ್ಯಾರೇಜು ಇದೆ ಎಂದು ಯಾರೋ ಹಿಂದೆ ಹೇಳಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಕಾರಿನ ಸುತ್ತ ಜನ ಸೇರಿದರು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೈತರೊಬ್ಬರು ಬಾನೆಟ್ಟಿನ ಮೇಲೆ ಕೈಯಾಡಿಸಿ, "ಏಮಿ ಬಂಡಿ ಸಾರ್ ಇದಿ?" ಎಂದು, ಇದು ಯಾವ ಗಾಡಿ ಎಂದು ತೆಲುಗಿನಲ್ಲಿ ಕೇಳಿದರು. ಇಂಗ್ಲೆಂಡಿನದು ಎಂದೆ. ಎಷ್ಟು ಕ್ವಿಂಟಲ್ ಹೊರುತ್ತದೆ ಎಂದು ವಿಚಾರಿಸಿದರು. ಒಬ್ಬ ಮನುಷ್ಯ, ಒಂದು ಡಬ್ಬಿ ಹಿಂಡಿ ಎಂದೆ. ಅವರಿಗೆ ನನ್ನ ಮೇಲೆ ಮರುಕ ಹುಟ್ಟಿರಬೇಕು, ಚಾ ಕುಡಿಸಿದರು. ಅಮರಪ್ಪ ಅವರಿಗೆ ಗೊತ್ತಿದ್ದ. ಈಗ ಜವಳಗೇರಾದಲ್ಲಿ ಭತ್ತ ಕೊಯ್ಯುವ ಮಷೀನು ರಿಪೇರಿ ಮಾಡುತ್ತಾನೆ, ಸುಗ್ಗಿಯಲ್ಲಿ ಅವನು ಸಿಗುವುದೇ ಕಷ್ಟ ಎಂದರು.

ಜವಳಗೇರಾ ರಾಯಚೂರು ರಸ್ತೆಯಲ್ಲಿ ಇನ್ನೂ ಹದಿನೈದು ಕಿಲೋಮೀಟರು. ಊರ ಹೊರಗೆ ತಗಡಿನ ಶೆಡ್ಡು, ಮುಂದೆ ದೊಡ್ಡ ಬೇವಿನ ಮರ, ಮರದ ಕೆಳಗೆ ಹೊಟ್ಟೆ ಬಿಚ್ಚಿದ ಕೊಯ್ಲು ಮಷೀನು. ನಾನು ರಸ್ತೆ ಬಿಟ್ಟು ಕೆಳಗಿಳಿಸುವಾಗಲೇ ಮಷೀನಿನ ಅಡಿಯಿಂದ ಅಮರಪ್ಪ ಹೊರಗೆ ತೆವಳಿ ಬಂದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಒಂದರಿಂದ ಮೂರಕ್ಕ ಹಾಕಿದ್ರಿ" ಎಂದ. ಎಂಟು ವರ್ಷದ ನಂತರದ ಮೊದಲ ಮಾತು. "ರಸ್ತೆ ಮ್ಯಾಲಿದ್ದಾಗನ ಕೇಳಿಸ್ತು. ಬಿಸಿಲಾಗ ನಿಲ್ಲಿಸಬ್ಯಾಡ್ರಿ, ನೆಳ್ಳಿಗಿ ತಗೊಂಡ ಬರ್ರಿ."

ನೆರಳಿಗೆ ತಂದೆ. ಎರಡನೇ ಗೇರಿನ ಕಥೆ ಹೇಳತೊಡಗಿದರೆ ಕೈಯೆತ್ತಿ ನಿಲ್ಲಿಸಿ, ಬಾಗಿಲು ತೆಗೆದು, ಕಾರ್ಪೆಟ್ ಎತ್ತಿ, ಬಿರಡೆ ಕಿತ್ತು, ಕಡ್ಡಿ ಮೂಸಿದ. ಎಣ್ಣೆ ಬಿಸಿ ಇರುವಾಗಲೇ ಇಳಿಸಬೇಕು, ಆಗ ಕೊಳೆಯೆಲ್ಲ ಜೊತೆಗೆ ಬರುತ್ತದೆ ಎಂದು ಹಳೆಯ ಪರಾತ ಹುಡುಕಿ ತಂದು ಕೆಳಗೆ ತೂರಿದ. ನಾನೂ ಪಕ್ಕದಲ್ಲಿ ಅಂಗಾತ ಮಲಗಿದೆ. ಅವನು ಬೇಡ ಎನ್ನಲಿಲ್ಲ. ಕೆಳಗಿನ ಬೋಲ್ಟು ಬಿಚ್ಚಿದ ಕೂಡಲೇ ಕರ್ರಗಿನ ಎಣ್ಣೆ ದಾರವಾಗಿ ಇಳಿಯಿತು. ಪರಾತ ತುಂಬುತ್ತ ಬಂದಂತೆ ಅದರಲ್ಲಿ ಹಳದಿ ಪುಡಿ ಮಿನುಗತೊಡಗಿತು.

"ಹಟ್ಟಿ ಬಂಗಾರ ಇಲ್ಲೇ ಐತಿ ನೋಡ್ರಿ" ಎಂದ. ಹಟ್ಟಿಯ ಗಣಿ ನಮ್ಮ ಲಿಂಗಸುಗೂರಿನ ಪಕ್ಕದಲ್ಲೇ ಇರುವುದು. ನಾನು ನಗಲಿಲ್ಲ, ಅವನೂ ನಗಲಿಲ್ಲ. "ಹಿತ್ತ್ಯಾಳಿ ಇದು. ಗೇರಿಗಿ ಗೇರ್ ಕೂಡೂ ಮುಂದ ಒಂದ ಹಿತ್ತ್ಯಾಳಿ ಬಳಿ ಅದರ ಓಟ ಹಿಡದ ನಿಲ್ಲಿಸತೈತಿ. ತೊಂಬತ್ತರೊಳಗ ಔಷಧ ಇರತೈತಿ, ಅದು ಹಿತ್ತ್ಯಾಳಿ ತಿಂತೈತಿ. ಮ್ಯಾಲೆ ಜಿಗಟ ಬ್ಯಾರೆ, ಬಳಿ ಜಾರತೈತಿ."

ಎಣ್ಣೆಯ ದಾರ ಸಣ್ಣದಾಗಿ ಹನಿಗೆ ಬಂತು. ಪೂರ್ತಿ ಇಳಿಯಲಿ, ಅವಸರ ಬೇಡ ಎಂದು ಅವನು ಹಾಗೇ ಮಲಗಿದ. ಕಾರಿನ ಕೆಳಗೆ ಮುಖ ಕಾಣುವುದಿಲ್ಲ, ಮಾತು ಆಡಲು ಸುಲಭ. ನಾನು ಹೇಳಿದೆ.

"ಅಮರಪ್ಪ, ನೀ ಸರಿಯಾಗಿ ಬರದಿದ್ದಿ. ನಾ ತಪ್ಪ ಓದಿದೆ. ಓದಿದ್ದಲ್ದ ತಿದ್ದಿದೆ. ಇವತ್ತ ಮುಂಜಾನಿ ಮಸ್ಕ್ಯಾಗ ತಿಳೀತು."

ಅವನು ಪರಾತವನ್ನು ಹನಿಯ ಕೆಳಗೆ ಸರಿಸಿದ. "ನನಗ ಅವತ್ತಽ ತಿಳದಿತ್ರಿ. ಕೆಂಪ ಮಸಿ ನೋಡಿದ ಕೂಡ್ಲೆ ತಿಳೀತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಬೇಕಿತ್ತು." ಒಂದು ಹನಿ ಬಿತ್ತು. "ಮಂದಿ ಮುಂದ ನನ್ನ ಅಕ್ಷರ ಎತ್ತಿ ತೋರ್ಸಿದ್ರಿ. ನನಗೂ ಸಿಟ್ಟ ಇರತೈತಿಲ್ರಿ? ಕಲತವ್ರು ಅದಾರ, ತಾವಽ ತಿಳಕೊಳ್ಳಲಿ ಅಂದೆ. ನೀವು ತೊಂಬತ್ತ ತಂದ ಹಾಕಿದ್ದೂ ಮಂದಿ ಬಂದ ಹೇಳಿದ್ರು. ಆವಾಗೂ ಸುಮ್ಮಕುಂತೆ. ಹಾಳಾದ್ರ ಹಾಳಾಗಲಿ ಅಂದೆ. ಒಂದ ಮಾತ ಅಂದಿದ್ರ ಆ ಬಳಿ ಉಳೀತಿತ್ತು. ಆ ಮಷೀನ ನನಗೇನ ತಪ್ಪ ಮಾಡಿತ್ತು? ಎಂಟ ವರ್ಷ ಅದಽ ನೆಪ್ಪ ಆಗತೈತಿ ನನಗ."

"ನನಗೂ ನಿನ್ನ ನೆಪ್ಪ ಆಗತಿತ್ತು" ಎಂದೆ.

"ಖರೇ ಹೇಳತೀನ್ರಿ ಮಾಸ್ತರ್ರ, ನಿಮ್ಮ ನೆಪ್ಪ ಅಷ್ಟ ಆಗಲಿಲ್ಲ" ಎಂದ ಅಮರಪ್ಪ. "ಗೇರ್ ಬಾಕ್ಸಿಂದು ಆತು."

ಅವನು ನನ್ನನ್ನು ನೋಯಿಸಲು ಹೇಳಲಿಲ್ಲ. ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೊಮ್ಮಕ್ಕಳು, ಸುಗ್ಗಿಯಲ್ಲಿ ಉಣ್ಣಲು ಪುರಸೊತ್ತು ಕೊಡದ ಮಷೀನುಗಳು. ನನಗೆ ಅಂಥದ್ದೇನೂ ಇರಲಿಲ್ಲ, ಆದ್ದರಿಂದ ಆ ಜಗಳವನ್ನೇ ಇಟ್ಟುಕೊಂಡಿದ್ದೆ. ದಿನವೂ ಮನಸ್ಸಿನಲ್ಲೇ ಅವನ ಜೊತೆ ವಾದ ಮಾಡಿ, ದಿನವೂ ಗೆದ್ದು, ಮಲಗುತ್ತಿದ್ದೆ. ಆ ಕಡೆ ಯಾರೂ ಇರಲಿಲ್ಲ ಎಂಬುದು ಆ ಪರಾತದ ಪಕ್ಕ ಮಲಗಿದ್ದಾಗ ಗೊತ್ತಾಯಿತು.

ಬೋಲ್ಟು ಬಿಗಿದು ಮೇಲೆದ್ದೆವು. ಬಿರಡೆಯ ತೂತಿಗೆ ರಬ್ಬರ್ ಪೈಪು ಇಳಿಬಿಟ್ಟು, ಪೈಪಿನ ತಲೆಗೆ ಆಲಿಕೆ ಇಟ್ಟು, ನಾನು ಹಿಡಿದುಕೊಂಡೆ, ಅವನು ಸುರಿದ. ಹೊಸ ಎಣ್ಣೆ ಜೇನಿನ ಬಣ್ಣಕ್ಕಿತ್ತು. ನಡುನಡುವೆ ನಿಲ್ಲಿಸಿ, ಕಡ್ಡಿ ನೋಡಿ, ಮತ್ತೆ ಸುರಿದ. ಬ್ರೇಕಿನ ಡಬ್ಬಿಯನ್ನೂ ತೆಗೆದು ನೋಡಿ, "ಇದನ್ನ ಛಲೋ ಇಟ್ಟೀರಿ" ಎಂದ. ಆ ಒಂದು ಮಾತಿಗೆ ನಾನು ಶಾಲೆಯ ಹುಡುಗನ ಹಾಗೆ ಹಿಗ್ಗಿದೆ. ಅವನ ಹೆಂಡತಿ ಊಟಕ್ಕೆ ಕರೆಯಲು ಬಂದಳು. ನನ್ನನ್ನು ನೋಡಿ ನಿಂತು, "ಎಂಟ ವರ್ಷಕ್ಕ ದಾರಿ ಸಿಕ್ತೇನ್ರಿ ಮಾಸ್ತರ್ರ?" ಎಂದಳು. ಅನ್ನ, ಪುಂಡಿಪಲ್ಯ, ಗಟ್ಟಿ ಮೊಸರು. ಕಾಲುವೆ ಸೀಮೆಗೆ ಬಂದ ಮೇಲೆ ರೊಟ್ಟಿ ಕಡಿಮೆಯಾಯಿತು ಎಂದು ಅಮರಪ್ಪ ನನ್ನ ಎರಡೂ ರೊಟ್ಟಿ ತಿಂದ.

ಊಟವಾದ ಮೇಲೆ ಅವನು ಎಡಗಡೆಯ ಸೀಟಿನಲ್ಲಿ ಕೂತ. ಕಾಲುವೆಯ ತನಕ ಹೋಗಿ ಬಂದೆವು, ಎರಡೂ ಸೇರಿ ನಾಲ್ಕು ಕಿಲೋಮೀಟರು. ತಲೆ ಬಗ್ಗಿಸಿ, ಒಂದು ಕಿವಿಯನ್ನು ನೆಲದ ಕಡೆ ಕೊಟ್ಟು ಕೂತಿದ್ದ. ನನ್ನ ಕಡೆ ನೋಡಲಿಲ್ಲ. "ಕ್ಲಚ್ ಎರಡ ಸಲ ಒತ್ತ್ರಿ. ಒಮ್ಮೆ ಒತ್ತಿ ನಡು ತರ್ರಿ, ಬಿಡ್ರಿ, ಮತ್ತೊಮ್ಮೆ ಒತ್ತಿ ಹಾಕ್ರಿ." ಹಾಗೆ ಮಾಡಿದೆ. ಎರಡನೇ ಗೇರು ಸದ್ದಿಲ್ಲದೆ ಕೂತಿತು, ಹೊರಗೆ ಜಿಗಿಯಲಿಲ್ಲ. ಕಾಲುವೆಯ ನೀರು, ಗದ್ದೆ, ಹುಲ್ಲಿನ ಬಣವೆ ಎಲ್ಲ ನಿಧಾನವಾಗಿ ಹಿಂದೆ ಸರಿದವು. ಇನ್ನೊಂದು ಹತ್ತು ಕಿಲೋಮೀಟರು ಹೋಗೋಣವೇ ಎನ್ನಲು ಬಾಯಿ ತೆರೆದೆ. "ತಿರುಗಸ್ರಿ, ಮಷೀನಿನವರು ಕಾಯಾಕತ್ತಾರ" ಎಂದ.

ಬೇವಿನ ಮರದ ಕೆಳಗೆ ಇಳಿದು ಬಾಗಿಲಿನ ಮೇಲೆ ಕೈ ಇಟ್ಟು ನಿಂತ. "ಹಿಡೀತೈತ್ರಿ. ಮೊದಲಿನಂಗ ಆಗಂಗಿಲ್ಲ. ಸವದಿದ್ದು ಸವದಽ ಹೋತು. ಎರಡ ಸಲ ಕ್ಲಚ್ ಒತ್ತಿಕೋತ ಹೋದ್ರ ನಿಮ್ಮ ಕಾಲಕ್ಕ ಸಾಕು. ಐನೂರ ಮೈಲಿ ಓಡಸ್ರಿ. ಒಳಗ ಉಳದ ಪುಡಿ ಎಲ್ಲಾ ಈ ಎಣ್ಣಿಗಿ ಬಂದಿರತೈತಿ. ಆವಾಗ ತಗೊಂಡ ಬರ್ರಿ, ಇಳಸಿ ಹೊಸಾದ ಹಾಕೋಣು."

"ಅದಕ್ಕ ಮೊದಲ?" ಎಂದು ಕೇಳಿದೆ.

"ಮೊದಲ ಯಾಕ್ರಿ? ಎಣ್ಣಿ ಇನ್ನಾ ಹೊಸಾದಽ ಇರತೈತಿ" ಎಂದು ಮಷೀನಿನ ಅಡಿಗೆ ತೂರಿದ. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಸ್ವಲ್ಪ ಹೊತ್ತು ನಿಂತಿದ್ದು, ಅವನಿಗೆ ಕೇಳಿಸಲಿ ಎಂದು ಒಂದು, ಎರಡು, ಮೂರು ಎಂದು ಕ್ರಮವಾಗಿ ಗೇರು ಹಾಕುತ್ತ ರಸ್ತೆಗೆ ಏರಿದೆ.

ಎಲ್ಲೂ ನಿಲ್ಲಿಸದೆ ಬಂದೆ. ಸಿಂಧನೂರು, ಮಸ್ಕಿ, ಜೋಳದ ಹೊಲಗಳು, ಎಲ್ಲ ಬೆಳಿಗ್ಗೆಯವೇ. ಪಕ್ಕದ ಸೀಟಿನಲ್ಲಿ ಕಡಲೆಗಿಡ ಬಾಡಿತ್ತು. ಈ ಕಾರನ್ನು ನಾನು ಓಡಿಸುವುದು ತಿಂಗಳಿಗೆ ಎರಡು ಸಲ, ಬಜಾರಿಗೆ ಇಲ್ಲವೇ ಪೆಟ್ರೋಲ್ ಬಂಕಿಗೆ. ವರ್ಷಕ್ಕೆ ನೂರು ಮೈಲಿ ಆದರೆ ಹೆಚ್ಚು. ಐನೂರು ಮೈಲಿ ಎಂದರೆ ಐದು ವರ್ಷ. ಆಗ ನನಗೆ ಅರವತ್ತೇಳು, ಅವನಿಗೆ ಅದಕ್ಕೂ ಮೇಲೆ. ಜವಳಗೇರಾದಿಂದ ಮನೆಗೆ ನಲವತ್ತು ಚಿಲ್ಲರೆ ಮೈಲಿ, ಅಷ್ಟು ಕಳೆದರೂ ಇನ್ನೂ ನಾನೂರೈವತ್ತು ಮೈಲಿ ಓಡಿಸಬೇಕಿತ್ತು.

ಲಿಂಗಸುಗೂರು ಬಂದಾಗ ಐದು ಗಂಟೆ, ಬೆಳಕು ಚೆನ್ನಾಗಿತ್ತು. ನಮ್ಮ ಓಣಿಯ ತಿರುವು ಬಂತು. ವೇಗ ಇಳಿಸಿ, ಕ್ಲಚ್ ಎರಡು ಸಲ ಒತ್ತಿ ಎರಡನೇ ಗೇರಿಗೆ ತಂದೆ. ಓಣಿಯ ಕೊನೆಯಲ್ಲಿ ನನ್ನ ಮನೆಯ ಬೀಗ ಕಾಣಿಸಿತು. ಹಾಗೇ ಮುಂದೆ ಸಾಗಿ, ಮತ್ತೆ ಮೂರಕ್ಕೆ ಹಾಕಿ, ಗುರುಗುಂಟಾ ರಸ್ತೆ ಹಿಡಿದೆ. ಗುರುಗುಂಟಾದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.